ದಾಳದಾಟದ ಬಂದೂಕು, ಅನಿಲದ ಲೆಕ್ಕ

ಬೆಂಗಳೂರಿನಲ್ಲಿ ಸೈಲೆನ್ಸರ್ ಎಂದೊಡನೆ ಬೈಕಿನ ಹೊಗೆಕೊಳವೆ ಕಣ್ಣ ಮುಂದೆ ಬರುತ್ತದೆ. ಬಂದೂಕಿನ ಸೈಲೆನ್ಸರ್ ಅದರ ಒಡಹುಟ್ಟೇ ಸರಿ: 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನ್ನುಗಳ ಸದ್ದಡಗಿಸುವ ಸಾಧನಗಳನ್ನೂ ರೂಪಿಸಿದ್ದರು. ಎರಡರಲ್ಲಿಯೂ ಬಿಸಿ ಅನಿಲವು ಅಡ್ಡತಡೆಗಳ ನಡುವೆ ಹಿಗ್ಗಿ, ತಣ್ಣಗಾಗಿ, ನಿಧಾನವಾಗಿ ಹೊರಬೀಳುತ್ತದೆ.

ಜಯನಗರದಲ್ಲಿ ಭಾನುವಾರಗಳಂದು ನಾವು ಆಡುವ ರೋಲ್‌ಪ್ಲೇಯಿಂಗ್ ಆಟದಲ್ಲಿ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಮುಂದುವರಿಸುವ ಮೇಜಿನಾಟ) ಮಾತ್ರ, ಸೈಲೆನ್ಸರ್ ಹಾಕಿದ ಕೂಡಲೇ ಪಕ್ಕದ ಕೋಣೆಯ ಕಾವಲುಗಾರನಿಗೆ ಏನೂ ಕೇಳಿಸುವುದಿಲ್ಲ. ವಾಸ್ತವದಲ್ಲಿ ಸುಮಾರು 160 ಡೆಸಿಬೆಲ್‌ನ ಪಿಸ್ತೂಲಿನ ಸದ್ದು ಸೈಲೆನ್ಸರಿನಿಂದ 30 ಡೆಸಿಬೆಲ್ ಇಳಿದರೆ ಉಳಿಯುವುದು 130. ದೀಪಾವಳಿಯ ಪಟಾಕಿಗೆ ನಮ್ಮ ಕಾನೂನು ನಾಲ್ಕು ಮೀಟರ್ ದೂರದಲ್ಲಿ ವಿಧಿಸಿರುವ ಮಿತಿ 125. ಅಳೆಯುವ ಕ್ರಮ ಬೇರೆಯಾದರೂ, ಇದು ಪಿಸುಮಾತಂತೂ ಅಲ್ಲ. ಗುಂಡು ಸೆಕೆಂಡಿಗೆ ಸುಮಾರು 345 ಮೀಟರಿನ ಶಬ್ದವೇಗವನ್ನು ಮೀರಿದರೆ ಗಾಳಿಯಲ್ಲಿ ಅದು ಎಬ್ಬಿಸುವ ಚಟೀರೆಂಬ ಸದ್ದನ್ನು ನಳಿಗೆಯ ತುದಿಯ ಯಾವ ಸಾಧನವೂ ತಡೆಯಲಾರದು.

ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವ ಹಿಂದೊದೆತಕ್ಕೆ ಆಟದಲ್ಲಿರುವ ನಿಯಮ ಇನ್ನೂ ಸೊಗಸಾಗಿದೆ: ಬಂದೂಕಿಗೆ ಸೇರಿಸುವ ಒಂದೊಂದು ಸಾಧನಕ್ಕೂ ಒದೆತದಿಂದ ಒಂದೊಂದು ಅಂಕ ಕಳೆಯುತ್ತ ಹೋದರೆ ಕೊನೆಗೆ ಸೊನ್ನೆ! ಭೌತಶಾಸ್ತ್ರದ ಸಂವೇಗ ಸಂರಕ್ಷಣಾ ನಿಯಮ (ಮುಂದಕ್ಕೆ ಹೋದಷ್ಟೇ ಸಂವೇಗ, ಅಂದರೆ ರಾಶಿ ಮತ್ತು ವೇಗದ ಗುಣಲಬ್ಧ, ಹಿಂದಕ್ಕೂ ಬರಬೇಕು) ಇಷ್ಟು ಉದಾರಿಯಲ್ಲ. ನಾಲ್ಕು ಗ್ರಾಂ ಗುಂಡನ್ನು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಚಿಮ್ಮಿಸುವ ರೈಫಲ್ಲು ಅಷ್ಟೇ ಸಂವೇಗವನ್ನು ಹೆಗಲಿಗೆ ಮರಳಿಸುತ್ತದೆ. ಜೊತೆಗೆ, ಒಂದೂವರೆ ಗ್ರಾಮಿನಷ್ಟು ಮದ್ದು ಉರಿದು ಗುಂಡಿಗಿಂತ ವೇಗವಾಗಿ ನುಗ್ಗುವ ಅನಿಲದ ಪಾಲೂ ಇದೆ. ಅದು ಒಟ್ಟು ಒದೆತದ ಸರಿಸುಮಾರು ಮೂರನೆಯ ಒಂದು ಭಾಗ. ನಳಿಗೆಯ ತುದಿಗೆ ಕೂರಿಸುವ ಬ್ರೇಕ್ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಈ ಪಾಲನ್ನಷ್ಟೇ ಅಳಿಸಬಲ್ಲದು. ಅರ್ಧ ಗ್ರಾಮಿಗಿಂತ ಕಡಿಮೆ ಮದ್ದಿನ ಪಿಸ್ತೂಲಿನಲ್ಲಿ ಅಳಿಸಲು ಹೆಚ್ಚೇನೂ ಇಲ್ಲ. ಆದರೆ ಆಟದಲ್ಲಿ ಎರಡಕ್ಕೂ ಒಂದೇ ಅಂಕ. ಪಕ್ಕಕ್ಕೆ ತಿರುಗಿದ ಅನಿಲ ಗುಂಡು ಹಾರಿಸಿದವನ ಕಿವಿಗೇ ಇನ್ನಷ್ಟು ಜೋರಾಗಿ ಬಡಿಯುವ ವಿಚಾರವಂತೂ ನಿಯಮದಲ್ಲಿಲ್ಲ.

ಅನಿಲವನ್ನು ತಡೆದು ನಿಲ್ಲಿಸುವ ಸೈಲೆನ್ಸರ್ ತನ್ನ ತೂಕವನ್ನೂ ಸೇರಿಸಿ ಒದೆತವನ್ನು ಕೊಂಚ ತಗ್ಗಿಸುತ್ತದೆ. ಹೀಗಾಗಿ ಬ್ರೇಕ್ ಮತ್ತು ಸೈಲೆನ್ಸರ್ ಒಂದೇ ಅನಿಲದ ಮೇಲೆ ಕೈಯಿಡುತ್ತವೆ. ಎರಡಕ್ಕೂ ಪೂರ್ಣ ಅಂಕ ಕೊಟ್ಟರೆ ಅದು ಒಂದೇ ಬಿಲ್ಲಿಗೆ ಎರಡು ಬಾರಿ ರಿಯಾಯಿತಿ ಪಡೆದಂತೆ. ಈಗ ನಮ್ಮ ಮೇಜಿನಲ್ಲಿ ಎರಡರಲ್ಲಿ ದೊಡ್ಡದಾದ ಅಂಕವೊಂದನ್ನೇ ಎಣಿಸುತ್ತೇವೆ. ರಿವಾಲ್ವರ್ ಹಿಡಿದವರಿಗೆ ಸೈಲೆನ್ಸರ್ ಇಲ್ಲವೇ ಇಲ್ಲ, ಏಕೆಂದರೆ ಸಾಮಾನ್ಯ ರಿವಾಲ್ವರಿನಲ್ಲಿ ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದಲೇ ಅನಿಲ ಸದ್ದುಮಾಡುತ್ತ ಹೊರಬೀಳುತ್ತದೆ.