ಟೋಕನ್ ನಿಮ್ಮದು, ಪ್ಲಾಟ್ ಯಾರದು?

ಜಮೀನಿನ ವಿಷಯಕ್ಕೆ ನನ್ನ ಕಚೇರಿಗೆ ಬರುವವರಲ್ಲಿ ಕೆಲವರು ಈಗ ಪಹಣಿ, ಇಸಿ (ಋಣಭಾರ ಪತ್ರ) ಏನೂ ತರುವುದಿಲ್ಲ. ಮೊಬೈಲ್ ತೆಗೆದು ವಾಲೆಟ್ ಅನ್ನೋ ಆಪ್ ತೋರಿಸುತ್ತಾರೆ. ಅದರಲ್ಲಿ ಟೋಕನ್‌ಗಳು, ಅಂದರೆ ಬ್ಲಾಕ್‌ಚೈನ್ ಎಂಬ ಹಂಚಿಕೊಂಡ ಕಂಪ್ಯೂಟರ್ ಲೆಕ್ಕದ ನಮೂದುಗಳು ಇರುತ್ತವೆ, ಒಂದು ಟೋಕನ್‌ಗೆ ಇಷ್ಟು ಚದರ ಅಡಿ ಅಂತ ಲೆಕ್ಕ. "ಜಾಗ ನಮ್ಮ ಹೆಸರಿಗೆ ಆಗ್ಯಾದ್ರಿ ಸರ, ಬ್ಲಾಕ್‌ಚೈನ್ ಮ್ಯಾಲ ಅದ. ಯಾರಿಗೂ ತಿದ್ಲಾಕ ಬರಂಗಿಲ್ಲ" ಅನ್ನುತ್ತಾರೆ. ತಿದ್ದಲು ಬರುವುದಿಲ್ಲ ಅನ್ನೋದು ನಿಜ. ಜಾಗ ಅವರ ಹೆಸರಿಗೆ ಆಗಿದೆ ಅನ್ನೋದು ಸುಳ್ಳು. ಎರಡೂ ಬೇರೆ ಬೇರೆ ಮಾತು ಅಂತ ಒಪ್ಪಿಸುವುದೇ ನನಗೆ ಜಾಸ್ತಿ ಕಷ್ಟದ ಕೆಲಸವಾಗಿದೆ.

ಟೋಕನ್ ಹಿಂದಿನ ಗಣಿತದ ಬಗ್ಗೆ ನನಗೆ ತಕರಾರಿಲ್ಲ. ವಾಲೆಟ್‌ನಲ್ಲಿ ಒಂದು ಗುಟ್ಟಿನ ಕೀ ಇರುತ್ತದೆ. ಆ ಕೀಯಿಂದ ನೀವು ಸಹಿ ಹಾಕುತ್ತೀರಿ. ಜಾಲದಲ್ಲಿರುವ ಕಂಪ್ಯೂಟರ್‌ಗಳು ಕೀಯನ್ನು ನೋಡದೆಯೇ ಸಹಿ ಸರಿಯೇ ಅಂತ ಪರೀಕ್ಷಿಸಿ, ತಮ್ಮ ತಮ್ಮ ಲೆಕ್ಕದಲ್ಲಿ ಒಂದೇ ನಮೂದು ಬರೆದುಕೊಳ್ಳುತ್ತವೆ. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಹೀಗೇ ನಡೆಯುತ್ತಿದೆ. ಅಲ್ಲಿ ನಮೂದೇ ಆಸ್ತಿ. ಆ ಲೆಕ್ಕದ ಹೊರಗೆ ಬಿಟ್‌ಕಾಯಿನ್ ಅನ್ನೋ ವಸ್ತು ಬೇರೆ ಇಲ್ಲ, ಹಾಗಾಗಿ ಕೀ ಇದ್ದವನ ಕೈಯಲ್ಲೇ ಅದು.

ಆದರೆ ಪ್ಲಾಟ್ ಇರುವುದು ಕಲಬುರಗಿಯ ಸೇಡಂ ರಸ್ತೆಯಲ್ಲಿ. ಯಾವ ಕಂಪ್ಯೂಟರೂ ಹೋಗಿ ಅದನ್ನು ನೋಡಿ ಬಂದಿಲ್ಲ. ಯಾರೋ ಒಬ್ಬರು ಕೂತು "ಈ ಸರ್ವೆ ನಂಬರ್, ಇಷ್ಟು ಎಕರೆ" ಅಂತ ಟೈಪ್ ಮಾಡಿದ್ದಾರೆ. ಟೈಪ್ ಮಾಡಿದ್ದು ಸುಳ್ಳಾಗಿದ್ದರೆ ಆ ಸುಳ್ಳೂ ತಿದ್ದಲಾಗದಂತೆ ಉಳಿಯುತ್ತದೆ. ಟೋಕನ್ ಯಾರ ಬಳಿ ಇದೆ ಅಂತ ಬ್ಲಾಕ್‌ಚೈನ್ ಹೇಳುತ್ತದೆ. ಟೋಕನ್‌ಗೂ ಜಾಗಕ್ಕೂ ಏನು ಸಂಬಂಧ ಅನ್ನೋದನ್ನ ಅದು ಹೇಳಲಾರದು. ಆ ಗಂಟು ಹಾಕುವುದು ಕಾನೂನು.

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದಿಂದ ಮಾತ್ರ ಮಾರಬಹುದು. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಅದನ್ನೇ ಕಡ್ಡಾಯ ಮಾಡುತ್ತದೆ. ಹಿಂದೆ ಜನ ಜಿಪಿಎ (ಮಾಲೀಕನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆಸಿಕೊಂಡು ಮನೆ ಕೊಂಡೆವು ಅಂತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಆ ಪಾಠ ಜನಕ್ಕೆ ಹಿಡಿಯುವ ಹೊತ್ತಿಗೆ ಟೋಕನ್ ಬಂತು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗದೆ ಜಾಗ ಕೈ ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ, ಅಲ್ಲೇ ಎದ್ದು ಬನ್ನಿ.

ಒಬ್ಬರು ನಿವೃತ್ತ ಮಾಸ್ತರರು ಬಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಗ್ರಾಚ್ಯುಟಿ ದುಡ್ಡಿನ ಒಂದು ಭಾಗ ಹಾಕಿ ಟೋಕನ್ ತಗೊಂಡಿದ್ದರು. ಅವರ ಮೊಬೈಲಲ್ಲೇ ಟೋಕನ್ ಒತ್ತಿ ನೋಡಿದೆ. ಬಣ್ಣ ಬಣ್ಣದ ಒಂದು ಲೇಔಟ್ ನಕ್ಷೆ ತೆರೆಯಿತು. ಆ ಚಿತ್ರ ಚೈನ್ ಮೇಲೆ ಇರಲಿಲ್ಲ, ಕಂಪನಿಯ ವೆಬ್‌ಸೈಟಿನಲ್ಲಿತ್ತು. ಚೈನ್ ಮೇಲಿದ್ದದ್ದು ಅದರ ಲಿಂಕ್ ಮಾತ್ರ. ವೆಬ್‌ಸೈಟ್ ಬಂದಾದರೆ ನಕ್ಷೆಯೂ ಹೋಯಿತು. ಆಮೇಲೆ ಪಹಣಿ ತೆಗೆಸಿದೆವು. ಹೆಸರು ತೀರಿಕೊಂಡ ಹಿರಿಯರದೇ ಇತ್ತು, ವಾರಸಾ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರಲಿಲ್ಲ. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿರಲಿಲ್ಲ. ಕಂಪನಿಯ ಕೈಯಲ್ಲಿದ್ದದ್ದು ಆ ಹಿರಿಯರ ಗಂಡುಮಕ್ಕಳು ಬರೆದುಕೊಟ್ಟ ಒಂದು ಇಸಾರ ಪತ್ರ, ಅಂದರೆ ಮುಂಗಡ ಪಡೆದು ಮಾರುತ್ತೇವೆ ಅನ್ನೋ ಒಪ್ಪಂದ. ಹೆಣ್ಣುಮಕ್ಕಳಿಬ್ಬರ ಸಹಿ ಅದರಲ್ಲಿ ಇರಲಿಲ್ಲ.

ಆಸ್ತಿ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಇಂಥ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಅಕ್ಕತಂಗಿಯರು ಪಾಲಿಗೆ ದಾವೆ ಹಾಕಿದರೆ ಟೋಕನ್ ತೋರಿಸಿ ಅವರನ್ನು ತಡೆಯುವ ಹಾಗಿಲ್ಲ. "ಅವರ ಪಾಲು ಅವರಿಗೆ ಹೋಗ್ಬೇಕ್ರಿ, ಅದು ನ್ಯಾಯ. ನನ್ನ ದುಡ್ಡಿನ ಕಥಿ ಏನು?" ಅಂದರು ಮಾಸ್ತರರು. ದುಡ್ಡು ಹೋದ ಹೊತ್ತಿನಲ್ಲೂ ಹೀಗೆ ಮಾತಾಡುವ ಜನ ನಮ್ಮ ಕಡೆ ಇದ್ದಾರೆ. ಇಂಥವರೇ ಮೋಸ ಹೋಗುತ್ತಾರಲ್ಲ ಅನ್ನೋದು ನನ್ನ ಸಿಟ್ಟು.

ನಮ್ಮ ಭಾಗದ ಜಮೀನಿಗೆ ಇನ್ನೊಂದು ತೊಡಕಿದೆ. ಇದು ನಿಜಾಮರ ಆಳ್ವಿಕೆಯಲ್ಲಿದ್ದ ನೆಲ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಕ್ಕಿನ ಮೂಲ ಹುಡುಕುತ್ತಾ ಹೋದರೆ ನಿಜಾಮ್ ಪ್ರದೇಶದ ಹಳೆಯ ಜಮೀನು ದಾಖಲೆಯಾದ ಖಾಸ್ರಾ ಪಹಣಿವರೆಗೆ, ಉರ್ದು ದಾಖಲೆಗಳವರೆಗೆ ಹೋಗಬೇಕಾಗುತ್ತದೆ. ಅದನ್ನು ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಹಳೆಯ ತಪ್ಪುಗಳೂ ಜೊತೆಗೇ ಬಂದವು, ಹೆಸರು ತಿದ್ದಿಸಲು ಜನ ಇನ್ನೂ ತಹಸೀಲ್ ಕಚೇರಿಗೆ ಅಲೆಯುತ್ತಿದ್ದಾರೆ. ಅಷ್ಟಕ್ಕೂ ಪಹಣಿಯೇ ಮಾಲೀಕತ್ವದ ಕೊನೆಯ ಮಾತಲ್ಲ. ತಪ್ಪೆಂದು ಸಾಬೀತಾಗುವವರೆಗೆ ಸರಿ ಅಂತ ಭಾವಿಸಬೇಕು ಎನ್ನುತ್ತದೆ ಭೂಕಂದಾಯ ಕಾಯ್ದೆಯ 133ನೇ ಕಲಂ. ಸರ್ಕಾರದ ದಾಖಲೆಯ ಕಥೆಯೇ ಹೀಗಿರುವಾಗ ಖಾಸಗಿ ಕಂಪನಿ ಟೈಪ್ ಮಾಡಿದ ಸಾಲಿಗೆ ಎಷ್ಟು ಬೆಲೆ?

ಹಾಗಂತ ಕಂಪ್ಯೂಟರ್ ನಮೂದಿನಿಂದ ಮಾಲೀಕತ್ವ ಬದಲಾಗುವುದೇ ಇಲ್ಲ ಅಂತಲ್ಲ. ನಿಮ್ಮ ಡಿಮ್ಯಾಟ್ ಶೇರುಗಳಿಗೆ ಕಾಗದವೇ ಇಲ್ಲ, ಆದರೂ ಅವು ನಿಮ್ಮವು. 1996ರ ಡಿಪಾಸಿಟರಿ ಕಾಯ್ದೆ ಹಾಗೆ ಹೇಳುತ್ತದೆ. ನಮಗೆ ಇನ್ನೂ ಹತ್ತಿರದ್ದು ತೊಗರಿ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮನ್ನಣೆ ಪಡೆದ ಕಲಬುರಗಿ ತೊಗರಿಯನ್ನು ರೈತ, ಕೇಂದ್ರ ಸರ್ಕಾರದ ಉಗ್ರಾಣ ನಿಯಂತ್ರಣ ಪ್ರಾಧಿಕಾರವಾದ ಡಬ್ಲ್ಯೂಡಿಆರ್‌ಎಯ ನೋಂದಣಿ ಇರುವ ಗೋದಾಮಿನಲ್ಲಿ ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತದೆ. ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಕೇಳಬಹುದು. ವರ್ಗಾಯಿಸಬಹುದಾದ ರಸೀದಿಯಾದರೆ ಇನ್ನೊಬ್ಬರ ಹೆಸರಿಗೆ ಮಾಡಿ ಮಾರಬಹುದು. ಚೀಲ ಜಾಗ ಬಿಟ್ಟು ಕದಲುವುದಿಲ್ಲ, ಮಾಲೀಕ ಬದಲಾಗುತ್ತಾನೆ. ರಸೀದಿ ಹಿಡಿದವನಿಗೆ ಮಾಲು ಕೊಡಲೇಬೇಕು ಅಂತ 2007ರ ಉಗ್ರಾಣ ಕಾಯ್ದೆ ಗೋದಾಮಿನವನನ್ನು ಕಟ್ಟಿಹಾಕಿದೆ. ಈ ರಸೀದಿಯನ್ನೇ ನಾಳೆ ಕಾನೂನಿನ ಬಲದೊಂದಿಗೆ ಬ್ಲಾಕ್‌ಚೈನ್ ಮೇಲೆ ತಂದರೆ ನಾನು ಸಂತೋಷಪಡುವವನೇ. ಬೆಲೆ ಬಿದ್ದಾಗ ಮಾರಿ ಕೈ ಸುಟ್ಟುಕೊಳ್ಳುವ ಬದಲು ರೈತ ಕಾಯಬಹುದು ಅಲ್ವಾ?

ಆದಾಯ ತೆರಿಗೆಯವರಿಗೂ ಈ ವ್ಯತ್ಯಾಸ ಗೊತ್ತಿದೆ. 2022ರಲ್ಲಿ ಕ್ರಿಪ್ಟೋ, ಎನ್‌ಎಫ್‌ಟಿ (ಒಂದೊಂದೂ ಬೇರೆಯಾದ, ಒಂದಕ್ಕೊಂದು ಬದಲಿಯಾಗದ ಟೋಕನ್) ಲಾಭದ ಮೇಲೆ ಶೇ. 30 ತೆರಿಗೆ ಹಾಕಿದರು. ಅದೇ ವರ್ಷ ಜೂನ್ 30ರ ಅಧಿಸೂಚನೆಯಲ್ಲಿ ಒಂದು ಬಗೆಯ ಎನ್‌ಎಫ್‌ಟಿಯನ್ನು ಹೊರಗಿಟ್ಟರು. ಅದನ್ನು ವರ್ಗಾಯಿಸಿದಾಗ ಅದರ ಹಿಂದಿರುವ ವಸ್ತುವಿನ ಮಾಲೀಕತ್ವವೂ ಬದಲಾಗಬೇಕು, ಆ ಬದಲಾವಣೆ ಕಾನೂನಿನ ಪ್ರಕಾರ ಜಾರಿ ಮಾಡಿಸುವಂಥದ್ದಾಗಿರಬೇಕು. ನಿಮಗೆ ಟೋಕನ್ ಮಾರುವವರಿಗೆ ಇದೇ ಪ್ರಶ್ನೆ ಕೇಳಿ. ನಾಳೆ ಜಾಗ ಬಿಟ್ಟುಕೊಡದಿದ್ದರೆ ಯಾವ ಕಾಯ್ದೆಯ ಯಾವ ಕಲಂ ಹಿಡಿದು ಯಾವ ಕೋರ್ಟಿಗೆ ಹೋಗಲಿ ಅಂತ.

"ಜಾಗ ಕಂಪನಿ ಹೆಸರಿಗೆ ರಿಜಿಸ್ಟರ್ ಆಗಿದೆ, ನಿಮ್ಮದು ಅದರಲ್ಲಿ ಪಾಲು" ಅಂತ ಉತ್ತರ ಬರಬಹುದು. ಆಗ ನೀವು ಹೆಚ್ಚೆಂದರೆ ಕಂಪನಿಯ ಶೇರುದಾರರು, ಜಾಗದ ಮಾಲೀಕರಲ್ಲ. ಆ ಶೇರಾದರೂ ಕಾಯ್ದೆ ಪ್ರಕಾರ ನಿಮ್ಮ ಹೆಸರಿಗೆ ಹಂಚಿಕೆಯಾಗಿದೆಯೇ ನೋಡಿ. ಎಲ್ಲ ಯೋಜನೆಯೂ ಮೋಸ ಅಂತ ನಾನು ಹೇಳಲಾರೆ. ಪ್ರತಿಯೊಂದರ ಕರಾರು ಬೇರೆ ಇರುತ್ತದೆ, ಓದಿಯೇ ಹೇಳಬೇಕು.

ವಾಲೆಟ್ ಇಟ್ಟುಕೊಂಡವರು ಮನೆಯವರಲ್ಲಿ ನಂಬಿಗಸ್ಥರೊಬ್ಬರಿಗೆ ಅದರ ವಿಷಯ ತಿಳಿಸಿರಿ. ವಾಲೆಟ್ ಮತ್ತೆ ತೆರೆಯಲು ಬೇಕಾದ ಹನ್ನೆರಡೋ ಇಪ್ಪತ್ನಾಲ್ಕೋ ಪದಗಳ ಗುಟ್ಟಿನ ಸಾಲು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ, ಕೋರ್ಟು ವಾರಸುದಾರರ ಪರವಾಗಿ ಆದೇಶ ಕೊಟ್ಟರೂ ವಾಲೆಟ್ ತೆರೆಯುವುದಿಲ್ಲ.

ಈಗಾಗಲೇ ದುಡ್ಡು ಕೊಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಕರಾರು ಪತ್ರ, ವಾಟ್ಸಾಪ್ ಮಾತುಕತೆ, ಜಾಹೀರಾತು ಯಾವುದನ್ನೂ ಅಳಿಸಬೇಡಿ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ, ಇಸಿ ತೆಗೆಸಿಕೊಂಡೇ ವಕೀಲರ ಹತ್ತಿರ ಹೋಗಿ. ಹಣ ವಾಪಸ್ ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇರುತ್ತದೆ. ಅದು ಯಾವಾಗಿನಿಂದ ಶುರು ಅನ್ನೋದು ನಿಮ್ಮ ಕಾಗದಗಳ ಮೇಲೆ ನಿಂತಿದೆ. ಕಂಪನಿಯವರು "ಮುಂದಿನ ತಿಂಗಳು" ಅಂತ ಹೇಳುತ್ತಲೇ ಇದ್ದರೆ ಕಾಯಬೇಡಿ.