ಕಣ್ಣಿಗೆ ಕೆಂಪು ಸೂರ್ಯ, ಫೋನಲ್ಲಿ ಯಾಕೆ ಬಿಳಿ?

ಪ್ರಶ್ನೆ: ದಾರಿಯಲ್ಲಿ ಮುಳುಗೋ ಸೂರ್ಯ ಕಂಡ ಕೂಡಲೇ ಫೋನ್ ತೆಗೆದು ಫೋಟೋ ಹೊಡೆಯುತ್ತೇನೆ. ಕಣ್ಣಿಗೆ ಕುಂಕುಮದ ಹಾಗಿರುವ ಸೂರ್ಯ ಫೋಟೋದಲ್ಲಿ ಬೆಳ್ಳನೆ ಚುಕ್ಕೆ. ಫೋನ್ ಬದಲಿಸಬೇಕಾ?

ಬೇಡ, ದುಡ್ಡು ಉಳಿಸಿ.

ಬಾಗಲಕೋಟೆಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುವಾಗ ನನಗೂ ಇದೇ ಆಗಿತ್ತು. ಕೊಲ್ಹಾರ ಸೇತುವೆ, ಎಡಗಡೆ ಕಿಟಕಿ, ಕೃಷ್ಣೆಯ ಹಿನ್ನೀರೆಲ್ಲ ಕೆಂಪು. ಗಡಿಬಿಡಿಯಲ್ಲಿ ಏಳೆಂಟು ಫೋಟೋ ಹೊಡೆದೆ. ಪಕ್ಕದ ಅಜ್ಜ ಬಗ್ಗಿ ನೋಡಿ, "ಏನ್ ತಮ್ಮಾ, ಬಲ್ಬಿನ ಫೋಟೋ ತಗದಿ ಏನು?" ಅಂದರು.

ಫೋನಿಗೆ ಉಪಕಾರ ಬುದ್ಧಿ ಜಾಸ್ತಿ. ಸಂಜೆ ನೆಲ, ಮರ, ಜನ ಎಲ್ಲ ಕಪ್ಪಾಗಿರುತ್ತವಲ್ವಾ? ಅವೂ ಕಾಣಲಿ ಅಂತ ಅದು ಬೆಳಕು ಹೆಚ್ಚಿಗೆ ತೆಗೆದುಕೊಳ್ಳುತ್ತದೆ. ಮೊದಲೇ ಝಗಝಗ ಅನ್ನುವ ಸೂರ್ಯನ ಗತಿ ಏನು? ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ದ ಹಾಗೆ. ಕೆಂಪು, ಹಸಿರು, ನೀಲಿ ಮೂರೂ ತುಂಬಿ ಚೆಲ್ಲಿದರೆ ಉಳಿಯುವುದು ಬಿಳಿ.

ಆದ್ದರಿಂದ ಸೂರ್ಯನ ಪಕ್ಕದ ಆಕಾಶದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಬೆಳಕಿನ ಅಳತೆ ಅಲ್ಲೇ ಲಾಕ್ ಆಗುತ್ತದೆ. ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬಂದರೆ ಅದನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಬಣ್ಣ ತಾನಾಗಿಯೇ ಇಳಿದು ಬರುತ್ತದೆ. ಇನ್ನೂ ಪೇಲವ ಅನಿಸಿದರೆ ಕ್ಯಾಮೆರಾದ ಪ್ರೋ ಮೋಡಿನಲ್ಲಿ ವೈಟ್ ಬ್ಯಾಲೆನ್ಸನ್ನು, ಅಂದರೆ ಫೋಟೋದ ಬಣ್ಣ ಕೆಂಪಿಗೋ ನೀಲಿಗೋ ವಾಲದ ಹಾಗೆ ಹೊಂದಿಸುವ ಅಳತೆಯನ್ನು, 5500ರ ಸುತ್ತ ಇಡಿ. ಆಟೋದಲ್ಲಿ ಬಿಟ್ಟರೆ ಕೆಲವು ಸಲ ಅದು ಸಂಜೆಯ ಕೇಸರಿಯನ್ನೂ ತೊಳೆದುಹಾಕುತ್ತದೆ.

ಹೀಗೆ ಮಾಡಿದರೆ ನೆಲವೆಲ್ಲ ಕಪ್ಪಾಗುತ್ತದೆ. ಆಗಲಿ ಬಿಡಿ. ಯಾವುದು ಕಪ್ಪಾದರೆ ಚಂದ ಅಂತ ಹುಡುಕುವುದೇ ನಿಜವಾದ ಕೆಲಸ. ವಿಜಯಪುರದವರಿಗೆ ಬಾರಾ ಕಮಾನ್ ಇದೆ. 2ನೇ ಅಲಿ ಆದಿಲ್ ಶಾಹನ ಗೋರಿಗೆಂದು ಶುರುವಾಗಿ ಅರ್ಧಕ್ಕೇ ನಿಂತ ಕಟ್ಟಡ. ಅವನು ತೀರಿಕೊಂಡದ್ದು 1672ರಲ್ಲಿ. ಮೇಲೆ ಚಾವಣಿ ಇಲ್ಲ, ಕಮಾನಿನ ಸಂದಿಯಲ್ಲೆಲ್ಲ ಆಕಾಶ. ಪೂರ್ವದ ಕಡೆ ನಿಂತು, ಒಂದು ಕಮಾನಿನೊಳಗೆ ಸೂರ್ಯ ಬರುವ ತನಕ ಎರಡು ಹೆಜ್ಜೆ ಆಚೀಚೆ ಸರಿಯಿರಿ. ಬಾದಾಮಿಯಲ್ಲಿ ಮಾತ್ರ ನಾನು ಸೂರ್ಯನಿಗೇ ಬೆನ್ನು ಹಾಕುತ್ತೇನೆ. ಅಗಸ್ತ್ಯ ತೀರ್ಥದ ಪೂರ್ವ ದಡದ ಭೂತನಾಥ ಗುಡಿಯ ಮೇಲೆ, ಹಿಂದಿನ ಕೆಂಗಲ್ಲಿನ ಮೇಲೆ ಬೀಳುವ ಬೆಳಕಿನ ಮುಂದೆ ಸೂರ್ಯ ಏನೂ ಅಲ್ಲ.

ಝೂಮ್ ಬಗ್ಗೆ ಸುಮ್ನೆ ಆಸೆ ಪಡಬೇಡಿ. ಬೇರೆ ಝೂಮ್ ಲೆನ್ಸ್ ಇಲ್ಲದ ಫೋನ್ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಅದಕ್ಕಿಂತ ಲೆನ್ಸ್ ಒರೆಸಿ. ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದ ಕೈಯಲ್ಲಿ ಆವತ್ತು ನಾನು ಫೋನ್ ಹಿಡಿದಿದ್ದೆ. ಆ ಎಣ್ಣೆ ಜಿಡ್ಡಿಗೆ ಸೂರ್ಯನ ಸುತ್ತ ಮಬ್ಬು ಮಬ್ಬು ಗೆರೆ. ಬಸ್ಸಿನ ಗಾಜು ಮುಚ್ಚಿದ್ದರೆ ಫೋನನ್ನು ಗಾಜಿಗೇ ಆನಿಸಿ, ಒಳಗಿನ ಲೈಟು ಮೂಡುವುದಿಲ್ಲ. ಕೈ ಮಾತ್ರ ಹೊರಗೆ ಹಾಕಬೇಡಿ.

ಸೂರ್ಯನ ಕೆಳಗಿನ ಅಂಚು ನೆಲ ಮುಟ್ಟಿದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಎರಡು ನಿಮಿಷ ಚಿಲ್ಲರೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿಟ್ಟುಕೊಳ್ಳಿ.

ಮುಳುಗಿದ ಮೇಲೆ ಫೋನ್ ಜೇಬಿಗೆ ಹಾಕಬೇಡಿ. ಮೋಡ ಇದ್ದರೆ ಮುಂದಿನ ಹತ್ತು ಹದಿನೈದು ನಿಮಿಷವೇ ರಂಗು ಜಾಸ್ತಿ. ಆವತ್ತು ಕೊಲ್ಹಾರದಲ್ಲಿ ಬಸ್ ನಿಂತಾಗ, ಮೊಸರಿನ ಗಡಿಗೆ ಹಿಡಿದ ಹೆಂಗಸೊಬ್ಬರು ಕಿಟಕಿ ಹತ್ತಿರ ಬಂದರು. ಹಿಂದೆ ನೇರಳೆ ಆಕಾಶ, ಮುಂದೆ ಕಪ್ಪಗೆ ಗಡಿಗೆ ಮತ್ತು ಸೆರಗು. ಅಜ್ಜ ಅದನ್ನು ಫೋನಿನಲ್ಲಿ ನೋಡಿ ಏನೂ ಅನ್ನಲಿಲ್ಲ, ಎರಡು ಗಡಿಗೆ ಮೊಸರು ತಗೊಂಡರು.