ಮಕ್ಕಳ ವಯಸ್ಸು ನೋಡಲು ಎಲ್ಲರ ಗುರುತು ಕೇಳಿದರೆ

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಈ ಸುದ್ದಿ ಬಂದ ಮೇಲೆ ಶಿರಸಿಯ ನನ್ನ ಕಚೇರಿಗೆ ಜಮೀನಿನ ಕೆಲಸಕ್ಕೆ ಬಂದವರೂ ಏಳುವ ಮುಂಚೆ ಕೇಳುತ್ತಾರೆ: "ವಕೀಲರೇ, ನಮ್ಮಲ್ಲೂ ಇಂಥದ್ದೊಂದು ಬಂದ್ರೆ ಒಳ್ಳೇದಲ್ವಾ?"

ಅವರ ಆತಂಕ ಸುಳ್ಳಲ್ಲ. ಫೋಟೊ ತಿರುಚಿ ಮಕ್ಕಳನ್ನು ಹೆದರಿಸುವ ಪ್ರಕರಣ ನನ್ನ ಮುಂದೂ ಬರುತ್ತವೆ. ಆದರೂ ನಾನು ಹೌದು ಎನ್ನುವುದಿಲ್ಲ. 15ರ ಹುಡುಗನನ್ನು ತಡೆಯಬೇಕಾದರೆ 50ರ ಮನುಷ್ಯನೂ ತನಗೆ 50 ಆಗಿದೆ ಎಂದು ತೋರಿಸಬೇಕು. ವಯಸ್ಸು ನೋಡುವುದೆಂದರೆ ಬಂದವರೆಲ್ಲರ ವಯಸ್ಸು ನೋಡುವುದೇ.

ನಮ್ಮಲ್ಲಿ ಬೇರೆ ರೂಪದಲ್ಲಿ ಅದು ಆಗಲೇ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 18 ತುಂಬದವರ ಮಾಹಿತಿ ಬಳಸಬೇಕಾದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸುವಂತಿರಬೇಕು. ಮಕ್ಕಳ ಚಟುವಟಿಕೆ ಹಿಂಬಾಲಿಸಿ ಜಾಹೀರಾತು ತೋರಿಸುವುದಕ್ಕೂ ಅದೇ ಸೆಕ್ಷನ್ ತಡೆ ಹಾಕಿದೆ. ಇದು ನಿಜಕ್ಕೂ ಒಳ್ಳೆಯದು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವಿದೆ. ಎಲ್ಲರ ವಯಸ್ಸು ಕೇಳಿ ಎಂದು ಕಾಯ್ದೆ ಎಲ್ಲೂ ನೇರವಾಗಿ ಹೇಳಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ ಹೋಗುತ್ತದೆ. ಅಷ್ಟು ದೊಡ್ಡ ದಂಡ ತಲೆ ಮೇಲಿರುವಾಗ ಯಾವ ಕಂಪನಿ ಕೇಳದೆ ಬಿಡುತ್ತದೆ?

ಈಗ ನಮ್ಮ ಮನೆಗಳನ್ನು ನೋಡಿ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಸಿಮ್ ಅಪ್ಪನ ಹೆಸರಲ್ಲಿರುತ್ತದೆ. ಫೋನನ್ನು ಅಮ್ಮ, ಮಗಳು, ಮಗ ಎಲ್ಲರೂ ಬಳಸುತ್ತಾರೆ. ಮಗಳು ಏನೇ ತೆರೆದರೂ ಓಟಿಪಿ ಬರುವುದು ಅಪ್ಪನ ನಂಬರಿಗೆ. ದಾಖಲೆಗಳ ಕಥೆಯೂ ಅಷ್ಟೇ. ಹಿರಿಯರಲ್ಲಿ ಬಹಳ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಅಡಿಕೆ ಸುಲಿದು ಸುಲಿದು ಹೆಬ್ಬೆರಳ ಗೆರೆ ಸವೆದ ಹೆಂಗಸರು ರೇಷನ್ ಅಂಗಡಿಯಲ್ಲಿ ಮೂರು ನಾಲ್ಕು ಸಲ ಬೆರಳು ಒತ್ತಿ, ಕೈ ಸೀರೆಗೆ ಒರೆಸಿಕೊಂಡು, ಮತ್ತೆ ಒತ್ತುತ್ತಾರೆ. ಅಕ್ಕಿಗಾದರೆ ಜನ ಕಾಯುತ್ತಾರೆ. ಒಂದು ಅಭಿಪ್ರಾಯ ಬರೆಯಲು, ಒಂದು ಪ್ರಶ್ನೆ ಕೇಳಲು ಇಷ್ಟು ಕಷ್ಟಪಡಬೇಕೆಂದರೆ ಸುಮ್ನೆ ಬಿಟ್ಟುಬಿಡುತ್ತಾರೆ. ವಾಕ್ ಸ್ವಾತಂತ್ರ್ಯ ಹೀಗೂ ಕಡಿಮೆಯಾಗುತ್ತದೆ, ಯಾರೂ ನಿಷೇಧ ಹೇರದೆ.

ಹೆಸರು ಹೇಳದೆ ಮಾತಾಡಬೇಕಾದವರೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅಂಕೋಲಾದ ಕೇಣಿ ಬಂದರು, ಬೇಡ್ತಿ–ವರದಾ ನದಿ ಜೋಡಣೆ, ಈ ಯೋಜನೆಗಳನ್ನು ವಿರೋಧಿಸಿ ಜನ ಬೀದಿಗೆ ಇಳಿದಿದ್ದಾರೆ. ಆದರೆ ಎಲ್ಲರೂ ಬೀದಿಗೆ ಬರಲಾಗುವುದಿಲ್ಲ. ಸರ್ಕಾರಿ ನೌಕರ, ಗುತ್ತಿಗೆದಾರನ ಕೈಕೆಳಗೆ ದುಡಿಯುವವನು, ಸಾಲ ಪಡೆದು ದೋಣಿ ಕೊಂಡವನು ಬೇರೆ ಹೆಸರಿಟ್ಟುಕೊಂಡು ಬರೆಯುತ್ತಾರೆ. ಆ ಖಾತೆಗೆ ಆಧಾರ್ ತಗುಲಿದರೆ ಅವರು ಬರೆಯುವುದನ್ನು ನಿಲ್ಲಿಸುತ್ತಾರೆ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಎನಿಸುವ ಮಾತು ಬರೆದವರನ್ನು ಶಿಕ್ಷಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ಇದೇ ಮಾತು ಹೇಳಿತ್ತು: ಭಯದಿಂದ ಜನ ತಾವಾಗಿಯೇ ಬಾಯಿ ಮುಚ್ಚಿಕೊಳ್ಳುವಂತೆ ಮಾಡುವ ಕಾನೂನು ನಿಲ್ಲುವುದಿಲ್ಲ.

ನನಗೆ ಜಾಸ್ತಿ ಕಾಡುವುದು ಮಕ್ಕಳದೇ ವಿಷಯ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಿ ತೊಂದರೆ ಕೊಟ್ಟವರು ಬಹಳ ಸಲ ಮನೆಯವರೋ ಪರಿಚಯದವರೋ ಆಗಿರುತ್ತಾರೆ. ಅಂಥ ಮಗು ಎಷ್ಟೋ ಸಲ ಮೊದಲು ಬಾಯಿ ಬಿಡುವುದು ಮನೆಯ ಹೊರಗೆ. ಕೆಲವು ಮಕ್ಕಳಿಗೆ ಆ ಹೊರಗು ಎಂದರೆ ಫೋನಿನ ಪರದೆ. "ನನಗೆ ಹೀಗಾಯ್ತು, ಇದು ತಪ್ಪಾ?" ಎಂದು ಕೇಳಲು ಅಪ್ಪನ ಒಪ್ಪಿಗೆ ಬೇಕು ಎಂದರೆ ಆ ಮಗು ಎಲ್ಲಿಗೆ ಹೋಗಬೇಕು? ಪೋಕ್ಸೊ ಕಾಯ್ದೆ ಮಗುವಿನ ಗುರುತು ಎಲ್ಲೂ ಹೊರಬೀಳದಂತೆ ಕಾಯುತ್ತದೆ. ನಾವೇ ಕೋರ್ಟಿನಲ್ಲಿ ಹೆಸರು ಬಾಯಿಗೆ ಬಾರದಂತೆ ಎಚ್ಚರ ವಹಿಸುತ್ತೇವೆ. ಆಸ್ಪತ್ರೆ, ಶಾಲೆಗಳಿಗೆ ದತ್ತಾಂಶ ಕಾಯ್ದೆಯ ಹೊಸ ನಿಯಮದಲ್ಲಿ ಪೋಷಕರ ಒಪ್ಪಿಗೆಯಿಂದ ಒಂದಿಷ್ಟು ವಿನಾಯಿತಿ ಇದೆ. ಆದರೆ ಮಕ್ಕಳು ಮೊದಲು ಕೇಳುವುದು ಅಲ್ಲಿ ಅಲ್ಲ.

ಬ್ರಿಟನ್‌ನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳಿಗೆ ವಯಸ್ಸಿನ ತಪಾಸಣೆ ಕಡ್ಡಾಯವಾಯಿತು. ತಡೆ ಬಿದ್ದದ್ದು ಅಲ್ಲಿಗೆ ಮಾತ್ರವಲ್ಲ. ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಪರಸ್ಪರ ಮಾತಾಡುವ ಗುಂಪಿಗೂ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಫೋಟೊಗಳು ಸೋರಿರಬಹುದು ಎಂದು ಕಂಪನಿಯೇ ಒಪ್ಪಿಕೊಂಡಿತು. ವಯಸ್ಸಿನ ತಕರಾರು ಬಗೆಹರಿಸಲು ಜನ ಕೊಟ್ಟ ಚೀಟಿಗಳು ಅವು, ಇದ್ದದ್ದು ಹೊರಗುತ್ತಿಗೆ ಸಂಸ್ಥೆಯ ಕೈಯಲ್ಲಿ. ಪಾಸ್‌ವರ್ಡ್ ಬದಲಿಸಬಹುದು, ಮುಖ ಬದಲಿಸಲಾಗುತ್ತದೆಯೇ?

ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 27ರಂದು ಟೆಕ್ಸಾಸ್‌ನ ಇಂಥದ್ದೇ ಕಾನೂನನ್ನು 6–3ರಲ್ಲಿ ಎತ್ತಿ ಹಿಡಿಯಿತು. ನಮ್ಮಲ್ಲಿ ಅದನ್ನು ತೋರಿಸಿ ವಾದ ಮಾಡುವವರು ಎರಡು ವಿಷಯ ನೆನಪಿಡಬೇಕು. ಆ ತೀರ್ಪು ಮಕ್ಕಳಿಗೆ ಹಾನಿಕರವಾದ ಲೈಂಗಿಕ ವಿಷಯಕ್ಕೆ ಸಂಬಂಧಿಸಿದ್ದು, ಎಲ್ಲ ಮಾತಿಗೂ ಅಲ್ಲ. ಎರಡನೆಯದು, ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಇಲ್ಲಿ ಸರ್ಕಾರ ಅದಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಏನು ಮಾಡಬೇಕು? ನಮ್ಮ ನಿಯಮಗಳಲ್ಲೇ ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್ ಮೂಲಕ ಟೋಕನ್, ಅಂದರೆ ಗುರುತು, ವಯಸ್ಸು ಖಚಿತಪಡಿಸುವ ಡಿಜಿಟಲ್ ಸಂಕೇತ ಕೊಡುವ ದಾರಿ ಇದೆ. ಆ ಟೋಕನ್ "18 ಆಗಿದೆ" ಅಥವಾ "ಆಗಿಲ್ಲ" ಎಂದಷ್ಟೇ ಹೇಳಲಿ. ಹೆಸರು, ನಂಬರ್ ಹೇಳುವುದು ಬೇಡ. ಟೋಕನ್ ಕೊಟ್ಟವರಿಗೆ ಅದನ್ನು ಎಲ್ಲಿ ಬಳಸಿದರು ಎಂದು ಗೊತ್ತಾಗಬಾರದು. ದೌರ್ಜನ್ಯ, ಮಾನಸಿಕ ತೊಂದರೆ, ಮುಟ್ಟಿನಂಥ ವಿಷಯಗಳಲ್ಲಿ ಸಲಹೆ ಕೊಡುವ ಜಾಗಗಳಿಗೆ ಪೋಷಕರ ಒಪ್ಪಿಗೆ ಬೇಡ ಎಂದು ಸ್ಪಷ್ಟವಾಗಿ ಬರೆಯಲಿ. ಗಡುವು ಮುಗಿಯುವುದರೊಳಗೆ ಇದನ್ನು ತಿದ್ದಲು ಸಮಯವಿದೆ.

ಅಲ್ಲಿಯವರೆಗೆ ನನ್ನಲ್ಲಿ ಕೇಳುವ ತಂದೆ ತಾಯಿಗೆ ಹೇಳುವುದು ಇಷ್ಟು. ಯಾವುದೋ ಆ್ಯಪ್ ಕೇಳಿತೆಂದು ಆಧಾರ್ ಫೋಟೊ ಕಳಿಸಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಮೊದಲ 8 ಅಂಕೆ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಮಕ್ಕಳಿಗೆ 1098 ಸಹಾಯವಾಣಿ ಗೊತ್ತಿರಲಿ. ಆ ನಂಬರಿಗೆ ಫೋನ್ ಮಾಡಲು ನಿಮ್ಮ ಓಟಿಪಿ ಬೇಕಾಗಿಲ್ಲ ಎಂಬುದನ್ನೂ ಅವರಿಗೆ ಹೇಳಿ.